ಒಂಬತ್ತನೇ ಇನ್ನಿಂಗ್ಸ್‌ನ ಕ್ಯಾಚು

ಶುಕ್ರವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ನಾರ್ಬರ್ಟ್ ಕುಕ್ಕರಿನ ಮುಚ್ಚಳ ಎತ್ತಿ ಶರ್ವಿನ್‌ನ ಮುಖಕ್ಕೆ ಬೀಸಿದ. ಎಡ ಹುಬ್ಬು ಸೀಳಿತು. ಅಂದು 2014ರ ನವೆಂಬರ್ 21. ಗಲ್ಫಿನ ಡಿಸ್ಕವರಿ ಗಾರ್ಡನ್ಸ್‌ನ ಆ ಕೋಣೆಯಲ್ಲಿ ಇಬ್ಬರೂ ನಾಲ್ಕು ವರ್ಷ ಒಂದೇ ಸಾರಿನ ಪಾತ್ರೆಗೆ ಸೌಟು ಹಾಕಿದವರು. ಬೆಳಿಗ್ಗೆ ಜೆಬೆಲ್ ಅಲಿಯ ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಪೂಜೆ ಮುಗಿಸಿ ಬಂದಿದ್ದರು.

ಜಗಳ ರಜೆಯದು. ಅಲ್ ಕೂಜ್‌ನಲ್ಲಿ ಅವರು ದುಡಿಯುವ ಎ.ಸಿ. ವರ್ಕ್‌ಶಾಪಿನಲ್ಲಿ ಡಿಸೆಂಬರಿಗೆ ಒಬ್ಬನಿಗಷ್ಟೇ ರಜೆ. "ನೀವೇ ತೀರ್ಮಾನಿಸಿ ಶನಿವಾರ ಹೆಸರು ಕೊಡಿ. ಇಲ್ಲದಿದ್ದರೆ ಇಬ್ಬರಿಗೂ ಮಾಫಿ, ರಜೆಯೇ ಇಲ್ಲ," ಎಂದಿದ್ದ ಸೂಪರ್‌ವೈಸರ್. ಶರ್ವಿನ್‌ನ ಮಗಳು ಆಗಸ್ಟಿನಲ್ಲಿ ಹುಟ್ಟಿದ್ದಳು. ಅವನಿನ್ನೂ ಅವಳನ್ನು ಎತ್ತಿಕೊಂಡಿರಲಿಲ್ಲ. ಅಪ್ಪ ಬಂದ ಮೇಲೆಯೇ ಜ್ಞಾನಸ್ನಾನ ಎಂದು ಹೆಂಡತಿ ಒಲಿವಿಯಾ ಕಾಯುತ್ತಿದ್ದಳು. ನಾರ್ಬರ್ಟ್‌ನ ತಂಗಿಯ ಮದುವೆ ಡಿಸೆಂಬರ್ 29ಕ್ಕೆ. ಕಳೆದ ವರ್ಷ ಚೀಟಿ ಎತ್ತಿ ಸೋತವನು ಅವನು. ಈ ಸಲ ಚೀಟಿ ಬೇಡವೆಂದ. ಪಾತ್ರೆ ತೊಳೆಯುವವ ಯಾರೆಂಬುದೂ ಆ ಕೋಣೆಯಲ್ಲಿ ತೀರ್ಮಾನವಾಗುತ್ತಿದ್ದದ್ದು ಶರ್ವಿನ್‌ನ ಲ್ಯಾಪ್‌ಟಾಪಿನ ಹಳೇ ಬೇಸ್‌ಬಾಲ್ ಗೇಮಿನಲ್ಲಿ. ಇದೂ ಅದರಲ್ಲೇ ಆಗಲಿ ಎಂದರು.

"ಆದ್ರೆ ಗೇಮಿನ ಆ ಹಾಡು ತೆಗಿ," ಎಂದ ನಾರ್ಬರ್ಟ್. "ಅದರ ತಾಳಕ್ಕೇ ಬ್ಯಾಟು ಬೀಸುದು ನೀನು. ನಂಗೆ ಗೊತ್ತುಂಟು."

"ಸೌಂಡೇ ಬಂದ್ ಮಾಡುವ."

"ಚೆಂಡು ಬರುವ ಶಬ್ದ ಬೇಡ್ವಾ ಮಾರಾಯ? ಹಾಡು ಮಾತ್ರ ತೆಗಿ. ದೊಡ್ಡ ಇಂಜಿನಿಯರ್ ಅಲ್ವಾ, ರಿಮೋಟ್ ರಿಪೇರಿ ಮಾಡುವವ!"

ನಾರ್ಬರ್ಟ್ ಹೇಳಿದ್ದು ನಿಜವಾಗಿತ್ತು. ಆದರೂ ಶರ್ವಿನ್ ಒಪ್ಪಿದ. ಎರಡು ಸಂಜೆ ಕೂತು, ಗೇಮಿನ ಫೈಲನ್ನು ಅಂಕಿಗಳಾಗಿ ತೆರೆದು, ಹಾಡು ಶುರುಮಾಡು ಎಂಬ ಆದೇಶವಿದ್ದ ಕಡೆಯೆಲ್ಲ ಏನೂ ಮಾಡಬೇಡ ಎಂದು ಬದಲಿಸಿದ. ಬ್ಯಾಟಿನ ಠಕ್, ಚೆಂಡಿನ ಸುಯ್ ಉಳಿದವು. ಮೂರು ಇನ್ನಿಂಗ್ಸ್ ಆಡಿ ಪರೀಕ್ಷಿಸಿದ. ಒಂಬತ್ತೂ ಆಡಿ ನೋಡಲಿಲ್ಲ.

ಶುಕ್ರವಾರದ ಆಟಕ್ಕೆ ಕೋಣೆಯ ಹಿರಿಯ, ಎಲ್ಲರೂ ಬಾಬ್ ಎನ್ನುವ, ಹೋಟೆಲ್ ಲಾಂಡ್ರಿಯ ಕ್ಯಾಮಿಲಸ್ ಅಂಪೈರ್. ಕೊನೆಯ ಇನ್ನಿಂಗ್ಸ್‌ನಲ್ಲಿ ಶರ್ವಿನ್ ನಾಲ್ಕು, ನಾರ್ಬರ್ಟ್ ಮೂರು, ಒಂದೇ ಔಟ್ ಬಾಕಿ. ನಾರ್ಬರ್ಟ್ ಎತ್ತಿ ಹೊಡೆದ. ಚೆಂಡು ಇಳಿದು ಫೀಲ್ಡರನ ಕೈಗವಸಿಗೆ ತಾಗಿತು. ಪರದೆ ಅಲ್ಲೇ ನಿಂತಿತು. ಯಾವ ಗುಂಡಿ ಒತ್ತಿದರೂ ಅಲುಗಲಿಲ್ಲ.

"ಔಟ್. ಖಲಾಸ್," ಎಂದ ಶರ್ವಿನ್.

"ಎಲ್ಲಿ ಔಟ್? ಬರೆದು ಬಂತಾ? ಕ್ಯಾಚು ಬಿಟ್ರೆ?"

ಕ್ಯಾಮಿಲಸ್ ಕನ್ನಡಕ ಒರೆಸಿ ಬಗ್ಗಿ ನೋಡಿದ. "ನಂಗೂ ಗೊತ್ತಾಗುದಿಲ್ಲ."

ಶರ್ವಿನ್‌ಗೆ ಆಗ ಹೊಳೆಯಿತು. ಕೊನೆಯ ಔಟ್ ಆದಾಗ ಗೆಲುವಿನ ಹಾಡು ಬಾರಿಸಿ, ಅದು ಮುಗಿದ ಮೇಲೆಯೇ ಗೆದ್ದವನ ಹೆಸರು ತೋರಿಸುವ ಗೇಮ್ ಅದು. ಶುರುವೇ ಆಗದ ಹಾಡು ಮುಗಿಯಲೆಂದು ಕಾಯುತ್ತಿತ್ತು. ಅಂದರೆ ತಾನು ಗೆದ್ದಿದ್ದ.

"ಇದು ನಾನೇ ಮಾಡಿದ್ದು ಮಾರಾಯ!" ಖುಷಿಯಲ್ಲಿ ಕೂಗಿದ. "ಹಾಡು ತೆಗೆದೆನಲ್ಲ, ಅದಕ್ಕೇ ನಿಂತದ್ದು!"

"ನೀನೇ ಮಾಡಿದ್ದು," ಎನ್ನುತ್ತ ನಾರ್ಬರ್ಟ್ ಎದ್ದ. "ಕೇಳಿದ್ರಾ ಕ್ಯಾಮಿಲಸ್ ಬಾಬ್? ಅವನ ಬಾಯಲ್ಲೇ ಬಂತು." ಕೈಗೆ ಸಿಕ್ಕಿದ್ದು ಕುಕ್ಕರಿನ ಮುಚ್ಚಳ.

ಕಣ್ಣಿಗಿಳಿದ ರಕ್ತದ ಮರೆಯಲ್ಲೇ ಶರ್ವಿನ್ ಅವನ ಕಾಲರು ಹಿಡಿದು ತಲೆಯನ್ನು ಫ್ರಿಜ್ಜಿನ ಅಂಚಿಗೆ ಕುಟ್ಟಿದ. ನಾರ್ಬರ್ಟ್‌ನ ಮೊಣಕಾಲು ಅವನ ಪಕ್ಕೆಗೆ ಎರಡು ಸಲ ಹೊಕ್ಕಿತು. ಲ್ಯಾಪ್‌ಟಾಪು ನೆಲಕ್ಕೆ ಬಿದ್ದು ಪರದೆ ಸತ್ತಿತು. "ಸಾಕು, ಸಾಯ್ತೀರಿ!" ಎಂದು ನಡುವೆ ಬಂದ ಕ್ಯಾಮಿಲಸ್‌ನ ತುಟಿ ಒಡೆಯಿತು. ಉಸಿರು ಸಿಗದೆ ಶರ್ವಿನ್ ಬಚ್ಚಲಿಗೆ ನುಗ್ಗಿ ಬಾಗಿಲು ತಳ್ಳಿದ. ಸಂದಿಯಲ್ಲಿ ನಾರ್ಬರ್ಟ್‌ನ ಬಲಗೈ ಇತ್ತು. ಅವನು ಕಿರುಚಿದ. ಶರ್ವಿನ್ ಇನ್ನೊಮ್ಮೆ, ಭುಜ ಕೊಟ್ಟು ತಳ್ಳಿದ. ಮೂಳೆ ಮುರಿದ ಸದ್ದು ಕ್ಯಾಮಿಲಸ್‌ಗೂ ಕೇಳಿಸಿತು.

ಮೊದಲ ಸಲ ಕೈ ಕಂಡಿರಲಿಲ್ಲ. ಎರಡನೇ ಸಲ ಕಂಡಿತ್ತು.

ಕಟ್ಟಡದ ಕಾವಲುಗಾರ ಫೋನು ಮಾಡಿದ. ಎರಡೂ ಮುಕ್ಕಾಲಿಗೆ ಪೊಲೀಸರು ಬಂದರು. ಕೇಸು ಮುಗಿಯುವ ತನಕ ಇಬ್ಬರ ಪಾಸ್‌ಪೋರ್ಟೂ ಠಾಣೆಯಲ್ಲಿ ಉಳಿಯಿತು. ರಜೆ ವರ್ಕ್‌ಶಾಪಿನ ಸ್ಟೋರ್ ಕೀಪರ್ ಪೃಥ್ವಿರಾಜ್‌ಗೆ ಹೋಯಿತು. ಡಿಸೆಂಬರ್ 20ರಂದು ಅವನು ಮಂಗಳೂರಿನ ವಿಮಾನ ಹತ್ತಿದ. ಶರ್ವಿನ್ ಮಗಳ ಜ್ಞಾನಸ್ನಾನಕ್ಕೆಂದು ಕೊಂಡಿದ್ದ ಬಿಳಿ ಫ್ರಾಕು ಪೃಥ್ವಿರಾಜ್‌ನ ಬ್ಯಾಗಿನಲ್ಲಿತ್ತು.