ಸಕ್ಕರೆ ನೀರಿನ ಹನಿಗಳು

ಗೇಟಿನ ಚಿಲಕದ ಮೇಲೆ ಕೈಯಿಟ್ಟು ಕರ್ಸೊನೊ ಎರಡು ಸಲ ಕೆಮ್ಮಿದ. ಒಳಗೆ ಗುಲಾಬಿ ಮಡಿಗಳ ನಡುವೆ ಕೂತು ಕಳೆ ಕೀಳುತ್ತಿದ್ದ ಪೈನೆಮ್ ತಲೆ ಎತ್ತಲಿಲ್ಲ. ಬೆಳಿಗ್ಗೆಯೇ ಮಸೀದಿಯ ಮೈಕಿನಲ್ಲಿ ಸುದ್ದಿ ಸಾರಿದ್ದರು. ಕರ್ಸೊನೊನ ಹೆಂಡತಿ ತುಮಿರಾ ತೀರಿಕೊಂಡಳೆಂದು ಓಣಿಗೆಲ್ಲ ಗೊತ್ತಾಗಿ, ಎಲ್ಲರೂ ಕೆಲಸ ಬಿಟ್ಟು ಅವನ ಮನೆಯಂಗಳದಲ್ಲಿ ಸೇರಿದ್ದರು. ಕಳೆ ಕೀಳಲು ಕೂತವಳು ಇವಳೊಬ್ಬಳೇ.

"ಹೂವು ಬೇಕಿದ್ರೆ ಕುಯ್ಕೊಂಡ್ಹೋಗಿ, ಕಾಂಗ್. ಬುಟ್ಟಿ ಅಲ್ಲೇ ಇದೆ," ಎಂದಳು, ನೆಲ ನೋಡುತ್ತಲೇ.

"ಹೂವಿಗೆ ಬಂದಿಲ್ಲ, ಯು." ಪೈನೆಮ್ ಅವನಿಗಿಂತ ಚಿಕ್ಕವಳು, ಅವನನ್ನು ಅಣ್ಣನೆಂದು 'ಕಾಂಗ್' ಎನ್ನುತ್ತಿದ್ದಳು. ಆದರೂ ಹೆಂಡತಿ ಕರೆಯುತ್ತಿದ್ದ ಹಾಗೆ ಅವನೂ ಅವಳನ್ನು ಅಕ್ಕ ಎನ್ನುವ ಅರ್ಥದಲ್ಲಿ 'ಯು' ಎಂದೇ ಕರೆಯುತ್ತಿದ್ದ. "ನಿಮ್ಮ ಬಾಯಿಂದ ಒಂದು ಮಾತು ಬೇಕಿತ್ತು. ಮಾಫ್ ಮಾಡಿದೀನಿ ಅಂತ. ಅವಳು ಮಣ್ಣಿಗೆ ಹೋಗೋಕೆ ಮುಂಚೆ."

ಪೈನೆಮ್ ಕಿತ್ತ ಕಳೆಯ ಬೇರನ್ನು ಕೊಡವಿದಳು. "ಮಧ್ಯಾಹ್ನದ ನಮಾಜಿಗೆ ಎತ್ತುತ್ತೀರಾ?"

"ಹೂಂ."

"ಹಾಗಿದ್ರೆ ಹೊರಡಿ. ಸ್ನಾನ ಮಾಡಿಸೋರು ಕಾಯ್ತಿರ್ತಾರೆ."

ಬೇಡ ಬೇಡವೆಂದರೂ ಅವನು ಬುಟ್ಟಿ ತುಂಬ ಅವಳು ಕೊಯ್ದುಕೊಟ್ಟ ಗುಲಾಬಿ ಹೊತ್ತು ಮನೆಯ ದಾರಿ ಹಿಡಿಯಬೇಕಾಯಿತು. ಮನುಷ್ಯರಿಗೆ ಮಾಡಿದ ತಪ್ಪನ್ನು ಆ ಮನುಷ್ಯರೇ ಮನ್ನಿಸಬೇಕು, ದೇವರೂ ನಡುವೆ ಬರುವುದಿಲ್ಲ ಎಂದು ಅವನು ಚಿಕ್ಕಂದಿನಿಂದ ನಂಬಿದ್ದ. ಅವನ ಹೆಂಡತಿಗೆ ಈ ಲೋಕದಲ್ಲಿ ಬಾಕಿ ಉಳಿದದ್ದು ಇದೊಂದೇ. ಇದನ್ನು ಹಾಗೇ ಹೊರಿಸಿ ಅವಳನ್ನು ಕಳಿಸುವುದು ಹೇಗೆ?

*

ತುಮಿರಾ ಓಣಿಯ ತುದಿಯಲ್ಲಿ ಪೆಚೆಲ್ ಮಾರುತ್ತಿದ್ದಳು. ಬೇಯಿಸಿದ ಸೊಪ್ಪಿನ ಮೇಲೆ ಕಡಲೆಕಾಯಿ ಚಟ್ನಿ ಸುರಿದು, ಅನ್ನದ ಜೊತೆ ಬಾಳೆಲೆಯಲ್ಲಿ ಕೊಡುವ ವ್ಯಾಪಾರ. ಊರೆಲ್ಲ ಹೂಗಿಡ ಬೆಳೆದು ಮಾರುವವರದು. ಇವಳಿಗೆ ಹೂವಿನ ಗೊಡವೆ ಇರಲಿಲ್ಲ.

ಭಾನುವಾರಗಳಲ್ಲಿ ಮಲಂಗ್ ಪಟ್ಟಣದಿಂದ ಕೋ ಹ್ವಾತ್ ಬರುತ್ತಿದ್ದ. ಔಷಧಿ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಕ್ಯಾಮೆರಾ ಹಿಡಿದ ಚೀನೀ ಮುದುಕ. ಅವರ ಮಾತಿನಲ್ಲಿ ಅಣ್ಣ ಎನ್ನುವ 'ಕೋ' ಅವನ ಹೆಸರಿಗೆ ಅಂಟಿತ್ತು. ಹೂವಿನ ಮುಂದೆ ಮಂಡಿಯೂರಿದನೆಂದರೆ ಏಳುವ ಮಾತಿಲ್ಲ. ಒಂದು ದಿನ ತುಮಿರಾ ಕೇಳಿಯೇಬಿಟ್ಟಳು.

"ಅಷ್ಟು ಹೊತ್ತು ಏನ್ ಕಾಯ್ತೀರಿ, ಕೋ? ಹೂವೇನು ಓಡಿ ಹೋಗತ್ತಾ?"

ಅವನು ಕ್ಯಾಮೆರಾವನ್ನು ಅವಳ ಕಣ್ಣಿಗೆ ಹಿಡಿದ. ಎಸಳಿನ ಅಂಚಿನಲ್ಲಿ ಒಂದು ಹನಿ. ಹನಿಯೊಳಗೆ ಎದುರಿನ ಪಂಡೆರ್ಮಾನ್ ಬೆಟ್ಟ, ತಲೆಕೆಳಗಾಗಿ, ಮೋಡದ ಸಮೇತ.

"ಇದು ದಿನಾ ಇರತ್ತಾ?"

"ದಿನಾ. ಬಿಸಿಲು ಬರೋ ತನಕ."

"ಅಯ್ಯೋ, ಹುಟ್ಟಿದಾಗಿಂದ ಇದರ ಪಕ್ಕದಲ್ಲೇ ಸೊಪ್ಪು ತೊಳ್ದಿದೀನಲ್ಲ!"

ಅವತ್ತು ಗಿರಾಕಿಗಳಿಗೆ ಚಟ್ನಿಯಿಲ್ಲದ ಅನ್ನ ಸಿಕ್ಕಿತಂತೆ.

ಕೋ ಹ್ವಾತ್ ಕೆಟ್ಟುಹೋದ ಹಳೆ ಕ್ಯಾಮೆರಾದಿಂದ ಮಸೂರ ಕಿತ್ತು, ಹೇರ್‌ಪಿನ್ನು, ಕಪ್ಪು ಟೇಪು ಸೇರಿಸಿ ಅವಳ ಮೊಬೈಲಿಗೆ ಅಂಟಿಸಿಕೊಟ್ಟ. ಅಲ್ಲಿಂದ ಬೆಳಗಾದರೆ ತುಮಿರಾ ಯಾರದಾದರೂ ಅಂಗಳದಲ್ಲಿ ಅಂಗಾತವೋ ಬೋರಲೋ ಬಿದ್ದಿರುತ್ತಿದ್ದಳು. ಕರ್ಸೊನೊ ವ್ಯಾನು ಓಡಿಸುವುದನ್ನು ಬಿಟ್ಟು ಮನೆಯಲ್ಲಿದ್ದ. ಅವನಿಗೂ ಕೆಲಸ ಸಿಕ್ಕಿತು. ಉಟ್ಟದ್ದಲ್ಲದೆ ಇನ್ನೊಂದು ಪಂಚೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಗಾಳಿಗೆ ಅಡ್ಡ ನಿಲ್ಲುವುದು.

"ಉಸಿರು ಬಿಡ್ಬೇಡಿ, ಹನಿ ಅಲ್ಲಾಡತ್ತೆ," ಎಂದು ಅವಳು ಗದರುತ್ತಿದ್ದಳು.

"ಉಸಿರೂ ಬಿಡಬಾರದಾ? ನಾನು ಸತ್ರೆ ಪಂಚೆ ಯಾರು ಹಿಡೀತಾರೆ?"

"ಆಮೇಲೆ ಸಾಯಿರಿ. ಈಗ ಸುಮ್ನಿರಿ."

ಅವನು ಸುಮ್ಮನಿರುತ್ತಿದ್ದ. ಮದುವೆಯಾದ ಹೊಸತರಲ್ಲೂ ಅವರಿಬ್ಬರು ಅಷ್ಟು ಹೊತ್ತು ಜೊತೆಯಲ್ಲಿ ಕಳೆದವರಲ್ಲ.

*

ಅಂಗಳದಲ್ಲಿ ಹೆಂಗಸರು ಚಾಪೆ ಹಾಸಿಕೊಂಡು ಗುಲಾಬಿ ಎಸಳು ಬಿಡಿಸುತ್ತಿದ್ದರು. ಸ್ನಾನ ಮುಗಿದು ತುಮಿರಾಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಯಾಗಿತ್ತು.

"ನಮ್ಮ ಹಿತ್ತಲಲ್ಲಿ ಒಂದಿನ ಬೋರಲು ಬಿದ್ದಿದ್ಳು," ಎಂದಳು ಒಬ್ಬಳು. "ಸತ್ತೇಹೋದ್ಳು ಅಂತ ನಾನು ಕಿರುಚಿದ್ರೆ, 'ಶ್, ನಿನ್ನ ಕಿರುಚಾಟಕ್ಕೆ ಹನಿ ಬಿದ್ದೋಗತ್ತೆ' ಅಂದ್ಳು!"

"ನನ್ನ ಕೆಸುವಿನೆಲೆ ಫೋಟೋ ತೆಗೆದು ಫ್ರೇಮ್ ಹಾಕಿಸ್ಕೊಟ್ಳು ಕಣೆ. ಬಂದೋರೆಲ್ಲ ಇದು ಯಾವ ದೇಶದ್ದು ಅಂತಾರೆ."

ನಗುತ್ತಲೇ ಇಬ್ಬರೂ ಕಣ್ಣೊರೆಸಿಕೊಂಡರು. ಮಗಳು ವುಲಾನ್ ಅಪ್ಪನ ಕೈಯಿಂದ ಬುಟ್ಟಿ ತೆಗೆದುಕೊಂಡು ಮೆಲ್ಲಗೆ ಕೇಳಿದಳು. "ಬರ್ತಾರಂತಾ?"

"ಹೂವು ಕೊಟ್ಳು."

"ಮಾತು?"

ಕರ್ಸೊನೊ ಇಲ್ಲವೆಂದು ತಲೆಯಲ್ಲಾಡಿಸಿದ. ಹೆಂಗಸರು ಮಸಣಕ್ಕೆ ಹೋಗುವ ರೂಢಿ ಆ ಓಣಿಯಲ್ಲಿ ಇರಲಿಲ್ಲ. ಪೈನೆಮ್ ಹೇಳುವುದಿದ್ದರೆ ಈ ಅಂಗಳದಲ್ಲೇ ಹೇಳಬೇಕಿತ್ತು.

*

ಹನಿಗಳು ಬೇಗ ಆರಿಹೋಗುತ್ತವೆಂದು ತುಮಿರಾ ಪರದಾಡುತ್ತಿದ್ದ ಕಾಲವದು. ನೀರಿಗೆ ಗ್ಲಿಸರಿನ್ ಬೆರೆಸಿ ಸಿಂಪಡಿಸಿದರೆ ಹನಿ ದಪ್ಪವಾಗಿ ನಿಲ್ಲುತ್ತದೆಂದು ಕೋ ಹ್ವಾತ್ ಹೇಳಿದ್ದ, ಮುಂದಿನ ವಾರ ತರುತ್ತೇನೆಂದೂ ಅಂದಿದ್ದ. ಅಲ್ಲಿಯ ತನಕ ಕಾಯುವ ಜೀವವೇ ಅದು? ಅಡುಗೆಯವಳ ಬುದ್ಧಿ ಓಡಿತು. ಒಂದು ಬಾಟಲಿ ಸಕ್ಕರೆ ಪಾಕ ಮಾಡಿ, ತೆಳ್ಳಗೆ ನೀರು ಬೆರೆಸಿ, ಪೈನೆಮ್‌ಳ ತೋಟದ ಬಿಳಿ ಗುಲಾಬಿಗಳ ಮೇಲೆ ಧಾರಾಳವಾಗಿ ಸಿಂಪಡಿಸಿದಳು. ಹನಿಗಳು ಮುತ್ತಿನ ಹಾಗೆ ಕೂತವು. ಅವಳು ಮನದಣಿಯೆ ಫೋಟೋ ತೆಗೆದುಕೊಂಡು ಮನೆಗೆ ಹೋದಳು.

ಆ ಗುಲಾಬಿಗಳನ್ನು ಪೈನೆಮ್ ಮಾರಲು ಬೆಳೆದಿರಲಿಲ್ಲ. ಅಂದೇ ಅವಳ ಮಗಳ ಮದುವೆ. ಹೂವು ಕೊಯ್ದು ಮದುಮಗಳ ಮುಡಿಗೆ ಸಿಕ್ಕಿಸಿ, ಗಂಡಿನ ಕಡೆಯವರ ಎದುರು ಮಂಟಪದಲ್ಲಿ ಕೂರಿಸಿದ್ದೇ ತಡ, ಹೂವಿನೊಳಗಿಂದ ಇರುವೆಗಳು ಸಾಲುಗಟ್ಟಿ ಇಳಿದವು. ಮದುಮಗಳು ಮೊದಲು ಹಲ್ಲು ಕಚ್ಚಿ ಕೂತಳು. ಆಮೇಲೆ ಕುತ್ತಿಗೆ ತಿರುಚಿದಳು. ಕಡೆಗೆ ಚೀರಿ ಎದ್ದು ಕುಣಿಯತೊಡಗಿದಳು. ಹುಡುಗಿಗೆ ದೆವ್ವ ಮೆಟ್ಟಿದೆಯೆಂದು ಗಂಡಿನ ತಾಯಿ ಎರಡು ಹೆಜ್ಜೆ ಹಿಂದೆ ಸರಿದಳು. ಯಾರೋ ಮಂತ್ರಿಸಿದ ನೀರು ತಂದು ಮುಖಕ್ಕೆ ಎರಚಿ ಇದ್ದಬದ್ದ ಅಲಂಕಾರವನ್ನೂ ತೊಳೆದರು.

ಮದುವೆಯೇನೋ ನಡೆಯಿತು. ಆದರೆ ನಿಜ ತಿಳಿದ ದಿನದಿಂದ ಪೈನೆಮ್ ತುಮಿರಾಳ ಜೊತೆ ಮಾತು ಬಿಟ್ಟಳು. ಪ್ರತಿ ಹಬ್ಬಕ್ಕೂ ತುಮಿರಾ ಅವಳ ಮನೆಗೆ ಹೋಗಿ ಕೈ ಹಿಡಿದು ತಪ್ಪಾಯಿತು ಎನ್ನುತ್ತಿದ್ದಳು. ಪೈನೆಮ್ ಕೈ ಕೊಡುತ್ತಿದ್ದಳು, ತಟ್ಟೆಯಲ್ಲಿ ಕಜ್ಜಾಯ ಇಡುತ್ತಿದ್ದಳು, ತುಟಿ ಮಾತ್ರ ಬಿಚ್ಚುತ್ತಿರಲಿಲ್ಲ.

*

ಕೋ ಹ್ವಾತ್ ಬಂದವನೇ ಕರ್ಸೊನೊನ ಎರಡೂ ಕೈ ಹಿಡಿದುಕೊಂಡ. ಮೂಲೆಯ ಬೆಂಚಿನಲ್ಲಿ ಕೂತ ಮೇಲೆ ಕರ್ಸೊನೊ ಬೆಳಗಿನ ಸಂಗತಿ ಹೇಳಿಕೊಂಡ.

"ನಾನು ತಂದ ಗ್ಲಿಸರಿನ್ನು ಆಕೆ ಮುಟ್ಲೇ ಇಲ್ಲ, ಗೊತ್ತಾ?" ಎಂದ ಕೋ ಹ್ವಾತ್. "ಆ ಮದುವೆ ಆದ್ಮೇಲೆ ಬರೀ ಇಬ್ಬನಿ. ಅದೂ ಬೇರೆಯವರ ಬೇಲಿಯೊಳಗೆ ಕಾಲಿಡದೆ."

"ಗೊತ್ತು. ದಾರೀಲೇ ಮಲಗ್ತಿದ್ಳು. ಪಂಚೆ ಹಿಡ್ಕೊಂಡು ನಾನೂ ದಾರೀಲೇ ನಿಂತಿರ್ತಿದ್ದೆ."

"ದಾರೀಲಿ ಯಾವ ಗುಲಾಬಿ ತೆಗೀತಿದ್ಳು?"

"ಪೈನೆಮ್ ಬೇಲಿಯಿಂದ ಆಚೆ ಬಾಗಿರೋ ಕೊಂಬೆಗಳು ಇದಾವಲ್ಲ, ಅವೇ."

ಕೋ ಹ್ವಾತ್ ಅವನ ಮುಖವನ್ನೇ ನೋಡಿದ. "ಹೂವು ಮಾರಿ ಬದುಕೋಳು, ಕಾಂಗ್. ಒಳಗಡೆ ಒಂದು ಕಡ್ಡಿ ಹೆಚ್ಚು ಬೆಳೆದ್ರೂ ಕತ್ತರಿಸ್ತಾಳೆ. ಹೋಗೋರು ಬರೋರು ಕಿತ್ತುಕೊಂಡು ಹೋಗೋ ಕಡೆ ಕೊಂಬೆ ಬಿಟ್ಟಿದಾಳೆ ಅಂದ್ರೆ, ಯಾರಿಗೆ ಅಂತೀರಿ?"

ವರ್ಷಗಟ್ಟಲೆ ಆ ಕೊಂಬೆಗಳ ಎದುರೇ ನಿಂತಿದ್ದರೂ ಕರ್ಸೊನೊಗೆ ಇದು ಹೊಳೆದಿರಲಿಲ್ಲ. ಎದೆ ತುಂಬಿ ಬಂತು. ಪೈನೆಮ್ ಮೇಲಿನ ಮುನಿಸು ಕರಗಿ ಅವಳಿಗೆ ಕೈ ಮುಗಿಯಬೇಕೆನ್ನಿಸಿತು. ಆದರೂ ಬಾಯಿಬಿಟ್ಟು ಆಡದ ಮಾತು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬ ಅಳುಕು ಉಳಿದೇ ಇತ್ತು.

ಅಷ್ಟರಲ್ಲಿ ಸಾವಿನ ವಿಧಿ ನಡೆಸುವ ಮೋದಿನ್ ಎದ್ದು ನಿಂತ. ತುಮಿರಾಳನ್ನು ಮಲಗಿಸಿದ್ದ ಬಿದಿರಿನ ಡೋಲಿಯ ಪಕ್ಕದಲ್ಲಿ ನಿಂತು ಸೇರಿದವರನ್ನು ಕೇಳಿದ.

"ಈ ತಾಯಿ ಒಳ್ಳೆಯವಳಾ?"

"ಒಳ್ಳೆಯವಳು!"

"ಆಕೆ ಕಡೆಯಿಂದ ಯಾರಿಗಾದ್ರೂ ನೋವಾಗಿದ್ರೆ ಮಾಫ್ ಮಾಡ್ತೀರಾ?"

"ಮಾಡಿದೀವಿ!" ಎಂದು ಅಂಗಳ ಒಟ್ಟಿಗೆ ಕೂಗಿತು. ಕರ್ಸೊನೊ ಗೇಟಿನ ಕಡೆ ನೋಡಿದ. ಪೈನೆಮ್ ಬಂದಿದ್ದಳು. ಸೊಂಟಕ್ಕೆ ಸುತ್ತಿದ ಬಟ್ಟೆಯ ಅಂಚಿಗೆ ತೋಟದ ಮಣ್ಣು ಹಾಗೇ ಮೆತ್ತಿತ್ತು. ತುಟಿ ಅಲುಗಲಿಲ್ಲ.

ನಾಲ್ವರು ಗಂಡಸರು ಡೋಲಿಯನ್ನು ಭುಜಕ್ಕೇರಿಸಿ ನಿಂತರು. ಸತ್ತವರನ್ನು ಹಿರಿಯರೆಂದು ತಿಳಿದ ಮಕ್ಕಳು ಮೊಮ್ಮಕ್ಕಳು ಅದರ ಕೆಳಗೆ ಮೂರು ಸಲ ನುಸುಳಿ ಬೀಳ್ಕೊಡುವುದು ಅಲ್ಲಿಯ ಪದ್ಧತಿ. ವುಲಾನ್ ಅಳುತ್ತ ಹೋಗಿ ಬಂದಳು. ಅವಳ ಮಕ್ಕಳೂ ಹೋಗಿ ಬಂದರು.

"ಆಯ್ತಲ್ಲ? ಹೊರಡೋಣ," ಎಂದ ಮೋದಿನ್.

"ತಡೀರಿ."

ಪೈನೆಮ್ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಮೋದಿನ್ ಗಲಿಬಿಲಿಗೊಂಡ. "ನೀವು ಆಕೆಗಿಂತ ದೊಡ್ಡೋರು, ಯು. ಮನೆಯೋರೂ ಅಲ್ಲ. ಚಿಕ್ಕೋರು ಮಾತ್ರ ನುಸುಳೋದು."

"ನಂಗೊತ್ತಿಲ್ವಾ?"

ಸ್ಥೂಲ ಶರೀರ, ಮಂಡಿ ನೋವು. ಮೊದಲ ಸಲ ನಡು ಬಗ್ಗಿಸಿ ದಾಟಿದಳು. ಎರಡನೆಯ ಸಲ ತೊಡೆಯ ಮೇಲೆ ಕೈಯೂರಿ ದಾಟಿದಳು. ಮೂರನೆಯ ಸಲ ನಡುವಿನಲ್ಲಿ ಮಂಡಿ ಕೈಕೊಟ್ಟಿತು. ಡೋಲಿಯ ಕೆಳಗೆ ನೆಲದ ಮೇಲೆ ಕೂತುಬಿಟ್ಟಳು. ವುಲಾನ್ ಹಿಡಿದೆತ್ತಲು ಓಡಿದಳು. ಪೈನೆಮ್ ಬೇಡವೆಂದು ಕೈಯಾಡಿಸಿ, ಮುಖ ಮೇಲೆತ್ತಿ, ಬಿದಿರಿನ ತಳಕ್ಕೆ ಅಂಗೈ ಹಚ್ಚಿದಳು.

"ಮಾಫ್ ಮಾಡಿದೀನಿ, ತುಮಿ. ಯಾವತ್ತೋ ಮಾಡಿದೀನಿ ಕಣೆ. ಹೇಳೋಕೆ ಬಾಯಿ ಬರ್ಲಿಲ್ಲ," ಎಂದಳು. "ನೀನೂ ನಂಗೆ ಮಾಡು."

ಕರ್ಸೊನೊ ಜೋರಾಗಿ ಅತ್ತ. ಹೊತ್ತವರಲ್ಲೊಬ್ಬ ಪಿಸುಗುಟ್ಟಿದ. "ಯು, ಭುಜ ಬಿದ್ದೋಗ್ತಿದೆ."

"ಇರ್ರೋ ಸ್ವಲ್ಪ," ಎಂದಳು ಪೈನೆಮ್ ಕೆಳಗಿನಿಂದ.

ನಾಲ್ವರೂ ತುದಿಗಾಲ ಮೇಲೆ ನಿಂತು ಡೋಲಿಯನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿದರು.