ಇಬ್ಬರೇ ಕೂರುವ ಕಾರು

ಲೊರೇನ್ ಸೋಬ್ಚಾಕ್ ಕೊಂಡುಕೊಂಡ ಹೊತ್ತಿಗೆ ಆ ಮಿಯಾಟಾ ಕಾರಿಗೆ ಮೂವತ್ತು ವರ್ಷ ದಾಟಿತ್ತು. ಅಮೆರಿಕದ ಟೊಲಿಡೊ ಊರಿನ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಅದರ ಬಾಗಿಲ ಕೆಳಗಿನ ತಗಡನ್ನು ತಿಂದುಹಾಕಿತ್ತು. ಮೇಲಿನ ಬಟ್ಟೆಯ ಹೊದಿಕೆಗೆ ಎರಡು ಕಡೆ ತೇಪೆ. ಎಂಜಿನ್ ಮಾತ್ರ ಗುಂಡುಕಲ್ಲಿನ ಹಾಗಿತ್ತು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳ ಕೈಗೆಟುಕುವ ಸ್ಪೋರ್ಟ್ಸ್ ಕಾರು ಅದೊಂದೇ. ಮನೆಯಲ್ಲಿ ಬೇರೆ ಕಾರೂ ಇರಲಿಲ್ಲ. ಹೀಗಾಗಿ ಭಾನುವಾರ ಆಟೋಕ್ರಾಸ್‌ನಲ್ಲಿ ಓಡಬೇಕಾದ ಕಾರೇ ಸೋಮವಾರ ಅವಳ ತಾಯಿ ಬರ್ನಡೀನಳನ್ನು ಡಾಕ್ಟರ ಹತ್ತಿರ, ಗುರುವಾರ ಗೆಳತಿ ಜೆನೆವೀವ್ ಮನೆಗೆ ಇಸ್ಪೀಟಾಟಕ್ಕೆ ಒಯ್ಯಬೇಕಿತ್ತು.

ನಮ್ಮ ಕಾರು ಕ್ಲಬ್ಬಿನ ಆಟೋಕ್ರಾಸ್ ನಡೆಯುವುದು ಮುಚ್ಚಿಹೋದ ಶಾಪಿಂಗ್ ಮಾಲಿನ ಮುಂದಿನ ಬಯಲಿನಲ್ಲಿ. ಕಿತ್ತಳೆ ಬಣ್ಣದ ಕೋನುಗಳ ನಡುವೆ ಒಬ್ಬೊಬ್ಬರಾಗಿ ಕಾರು ಓಡಿಸಬೇಕು. ಬೇಗ ಮುಗಿಸಿದವರು ಗೆದ್ದಂತೆ. ಕೋನು ಬೀಳಿಸಿದರೆ ದಂಡ. ಲೊರೇನ್ ಎರಡು ವರ್ಷ ಬರೀ ನೋಡಲು ಬರುತ್ತಿದ್ದಳು, ಬಿದ್ದ ಕೋನು ಎತ್ತಿ ನಿಲ್ಲಿಸುತ್ತಿದ್ದಳು.

ಕಾರು ಬಂದ ಮೇಲೆ ಮೊದಲು ಬ್ರೇಕು ಸರಿಮಾಡಿದಳು. ಹಳೆಯ ಬ್ರೇಕ್ ಆಯಿಲ್ ತೆಗೆದು ಹೊಸದು ತುಂಬಲು ಇನ್ನೊಬ್ಬರು ಪೆಡಲ್ ತುಳಿಯುತ್ತಿರಬೇಕು. ಬರ್ನಡೀನಳ ಎಡಸೊಂಟ ಕೆಟ್ಟಿತ್ತು, ಬಲಗಾಲು ಗಟ್ಟಿಯಾಗಿತ್ತು. ಅವಳನ್ನೇ ಚಾಲಕರ ಸೀಟಿನಲ್ಲಿ ಕೂರಿಸಿ ಲೊರೇನ್ ಚಕ್ರದ ಪಕ್ಕ ಮಲಗಿದಳು.

"ತುಳಿ ಅಮ್ಮ. ಹಾಗೇ ಹಿಡ್ಕೋ. ಈಗ ಬಿಡು."

"ಎಂಬತ್ತಕ್ಕೆ ಬಂದ ಮೇಲೆ ಕೆಲಸ ಕೊಟ್ಟೆಯಲ್ಲೇ! ಸಂಬಳ ಎಷ್ಟು?"

"ರಾತ್ರಿ ಪಿಯೆರೋಗಿ ಕಡುಬು ಮಾಡ್ಕೊಡ್ತೀನಿ."

"ನೀನು ಮಾಡಿದ್ದಾ? ಹಾಗಾದ್ರೆ ಪುಕ್ಕಟೆಯಾಗೇ ತುಳೀತೀನಿ ಬಿಡು."

ಕ್ಲಬ್ಬಿನ ಹಿರಿಯ ವರ್ಜಿಲ್ ತಾನು ಬಳಸಿ ತೆಗೆದಿಟ್ಟಿದ್ದ ಟೈರುಗಳನ್ನು ಅಗ್ಗಕ್ಕೆ ಕೊಟ್ಟ. ಜೊತೆಗೆ ಗರಾಜಿನ ಮೂಲೆಯಲ್ಲಿ ಬಿದ್ದಿದ್ದ ನಾಲ್ಕು ಶಾಕ್ ಅಬ್ಸಾರ್ಬರುಗಳನ್ನೂ ಕೊಟ್ಟ. ರೇಸಿಗೆಂದೇ ಮಾಡಿದ, ಬಲು ಗಟ್ಟಿ ಮಾಲು. ಲೊರೇನ್ ವಾರವಿಡೀ ಸಂಜೆ ಕಷ್ಟಪಟ್ಟು ಜೋಡಿಸಿದಳು. ಕಾರು ಈಗ ತಿರುವಿನಲ್ಲಿ ವಾಲುತ್ತಿರಲಿಲ್ಲ; ಸ್ಟೀರಿಂಗ್ ತಿರುಗಿಸುವ ಮುಂಚೆಯೇ ತಿರುಗಿದಂತೆ ಅನ್ನಿಸುತ್ತಿತ್ತು. ಅವಳ ಖುಷಿಗೆ ಪಾರವಿರಲಿಲ್ಲ.

"ಹೇಗಿದೆ ಅಮ್ಮ?" ಎಂದು ದಡದಡ ಕುಲುಕುತ್ತ ರೈಲುಹಳಿ ದಾಟುವಾಗ ಕೇಳಿದಳು.

"ಚೆನ್ನಾಗಿದೆ," ಎಂದಳು ಬರ್ನಡೀನ್, ಬಾಗಿಲ ಹಿಡಿಯನ್ನು ಬಿಡದೆ.

ಮುಂದಿನ ಗುರುವಾರ ಬರ್ನಡೀನ್ ಎಲ್ಲಿಗೂ ಹೊರಡಲಿಲ್ಲ. ಜೆನೆವೀವ್‌ಗೆ ನೆಗಡಿಯಂತೆ. ಅದರ ಮುಂದಿನ ವಾರವೂ ನೆಗಡಿಯೇ. ಶನಿವಾರ ಬ್ರೆಡ್ಡು ತರಲು ಹೋದ ಲೊರೇನ್‌ಗೆ ಅಂಗಡಿಯಲ್ಲಿ ಜೆನೆವೀವ್ ಎದುರಾದಳು. ಕೆಂಪು ಲಿಪ್‌ಸ್ಟಿಕ್ ಹಚ್ಚಿಕೊಂಡು ಲವಲವಿಕೆಯಿಂದಿದ್ದಳು.

"ನಿಮ್ಮಮ್ಮಂಗೆ ನನ್ಮೇಲೆ ಕೋಪಾನಾ? ಆಟಕ್ಕೆ ಕೈ ಕಡಿಮೆ ಬಿದ್ದು ಪಕ್ಕದ್ಮನೆ ಗೊರಕೆ ಗಂಡಸನ್ನ ಕೂರಿಸ್ಕೊಂಡಿದೀವಿ, ಮಾರಾಯ್ತಿ!"

ಲೊರೇನ್ ಬ್ರೆಡ್ಡು ಕೊಳ್ಳುವುದನ್ನೇ ಮರೆತು ಮನೆಗೆ ಬಂದಳು. ಬರ್ನಡೀನ್ ಸೋಫಾದ ಮೇಲೆ ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು ಕೂತಿದ್ದಳು. ಲೊರೇನ್‌ಗೆ ಇನ್ನೇನೂ ಕೇಳಬೇಕಾಗಲಿಲ್ಲ.

"ನೋಯುತ್ತೆ ಅಂತ ಒಂದು ಮಾತು ಹೇಳೋಕೆ ಏನಾಗಿತ್ತಮ್ಮ?"

"ಹೇಳಿದ್ರೆ ಆ ಶಾಕು ಬಿಚ್ಚಿಹಾಕ್ತಿದ್ದೆ."

"ಹಾಕ್ತಿದ್ದೆ, ಹೌದು."

"ಅದಕ್ಕೇ ಹೇಳ್ಲಿಲ್ಲ." ಬರ್ನಡೀನ್ ಚೀಲವನ್ನು ಸರಿಸಿ ಕೂತಳು. "ನಿಮ್ಮಪ್ಪನ ಆರೈಕೆ ಆಯ್ತು, ಆಮೇಲೆ ನನ್ನದು ಶುರುವಾಯ್ತು. ನಿಂಗೂ ಅಂತ ಏನಾದ್ರೂ ಒಂದು ಇರ್ಲಿ ಕಣೇ. ಇಸ್ಪೀಟು ಎಲ್ಲಿಗೆ ಓಡಿಹೋಗುತ್ತೆ?"

ಲೊರೇನ್ ಸ್ಪ್ಯಾನರುಗಳ ಡಬ್ಬಿ ಎತ್ತಿಕೊಂಡಳು. ಹಿತ್ತಿಲಿಗೆ ಹೋಗಿ ಕಾರಿಗೆ ಜ್ಯಾಕ್ ಕೊಟ್ಟಳು. ನಟ್ಟು ಬಿಚ್ಚುವಾಗ ಅಳು ಬಂತು. ಅದು ತಾಯಿಯ ಮೇಲಿನ ಸಿಟ್ಟಿಗೋ, ಕಳಚುತ್ತಿದ್ದ ಶಾಕುಗಳ ಮೇಲಿನ ಆಸೆಗೋ ಅವಳಿಗೇ ತಿಳಿಯಲಿಲ್ಲ. ಬರ್ನಡೀನ್ ಕಿಟಕಿಯಿಂದ "ಬೇಡ್ವೇ, ಬೇಡ್ವೇ" ಎಂದು ಕೂಗಿದಳು. ಕತ್ತಲಾಗುವ ಹೊತ್ತಿಗೆ ಹಳೆಯ ಮೆತ್ತನೆಯ ಶಾಕುಗಳು ಮತ್ತೆ ತಮ್ಮ ಜಾಗದಲ್ಲಿದ್ದವು.

ಮರುದಿನವೇ ಸ್ಪರ್ಧೆ. "ನಾನೂ ಬರ್ತೀನಿ," ಎಂದು ಬರ್ನಡೀನ್ ಕಪ್ಪು ಕನ್ನಡಕ ಹಾಕಿಕೊಂಡು ಬೆಳಿಗ್ಗೆಯೇ ಕಾರಿನಲ್ಲಿ ಕೂತಿದ್ದಳು. ಬಯಲಿನಲ್ಲಿ ವರ್ಜಿಲ್ ಕಾರನ್ನು ತಪಾಸಣೆ ಮಾಡುತ್ತ ಮುಂದಿನ ಮಡ್‌ಗಾರ್ಡನ್ನು ಅದುಮಿ ನೋಡಿದ. ಕಾರು ತೊಟ್ಟಿಲಿನ ಹಾಗೆ ತೂಗಿತು.

"ನನ್ನ ಶಾಕು ಎಲ್ಲಿ ಲೊರೇನ್?"

ಅವಳು ನಡೆದದ್ದು ಹೇಳಿದಳು. ವರ್ಜಿಲ್ ಮಡಿಸುವ ಕುರ್ಚಿಯಲ್ಲಿ ಕೂತ ಮುದುಕಿಯ ಕಡೆ ನೋಡಿ ತಲೆಯಾಡಿಸಿದ. "ಸರಿಯಾಗೇ ಮಾಡ್ದೆ. ಟೈರು ಚೆನ್ನಾಗಿದಾವೆ, ಅಷ್ಟು ಸಾಕು. ಮೆತ್ತನೆ ಕಾರಿಗೆ ಅವಸರ ಆಗಲ್ಲ. ಸ್ಟೀರಿಂಗ್ ನಿಧಾನಕ್ಕೆ ತಿರುಗ್ಸು, ಅದು ಒಂದು ಕಡೆ ವಾಲಿ ಕೂರೋವರೆಗೂ ಕಾಯಿ, ಆಮೇಲೆ ಆಕ್ಸಿಲರೇಟರ್ ತುಳಿ."

ಮೊದಲ ಸುತ್ತಿನಲ್ಲಿ ಲೊರೇನ್ ಕಾಯಲಿಲ್ಲ. ಕಾರು ದೋಣಿಯಂತೆ ಹೊಯ್ದಾಡಿ ಮೂರು ಕೋನುಗಳನ್ನು ಉರುಳಿಸಿತು. ಎರಡನೆಯದರಲ್ಲಿ ಒಂದು ಬಿತ್ತು. ಮೂರನೆಯದರಲ್ಲಿ ಅವಳು ಕಾದಳು. ಕಾರು ವಾಲಿತು, ಕೂತಿತು, ಟೈರು ನೆಲ ಕಚ್ಚಿತು. ಕೋನುಗಳ ಸಾಲು ತಾನಾಗಿ ದಾರಿ ಬಿಟ್ಟಂತಾಯಿತು. ತನ್ನ ಬಗೆಯ ಕಾರುಗಳ ವರ್ಗದಲ್ಲಿ ಅವಳು ನಡುಮಧ್ಯದಲ್ಲಿ ಬಂದಳು. ಮೊದಲ ಸಲಕ್ಕೆ ಅದೇನೂ ಕಡಿಮೆಯಲ್ಲ.

ಸ್ಪರ್ಧೆ ಮುಗಿದ ಮೇಲೆ ಮೋಜಿನ ಸುತ್ತುಗಳಿರುತ್ತವೆ. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಬಹುದು. ಬರ್ನಡೀನ್ ಯಾರ ಅಪ್ಪಣೆಗೂ ಕಾಯದೆ ಹೆಲ್ಮೆಟ್ಟುಗಳ ಮೇಜಿನ ಮುಂದೆ ನಿಂತಿದ್ದಳು.

"ನಿಮ್ಮ ಸೊಂಟ..." ಎಂದ ವರ್ಜಿಲ್.

"ನನ್ನ ಸೊಂಟದ ಚಿಂತೆ ನಿನಗ್ಯಾಕಯ್ಯ? ಬಕಲ್ ಹಾಕು."

ಲೊರೇನ್ ಮೆಲ್ಲಗೆ ಹೊರಟಳು. ಎರಡನೆಯ ತಿರುವಿನಲ್ಲಿ ಪಕ್ಕದಿಂದ ಒಂದು ಕೂಗು ಕೇಳಿ ಗಾಬರಿಯಿಂದ ಬ್ರೇಕ್ ಒತ್ತಹೋದಳು.

"ನಿಲ್ಲಿಸ್ಬೇಡ್ವೇ! ನಗ್ತಿದೀನಿ!"

ಆಗ ಲೊರೇನ್ ಕಾರನ್ನು ಪೂರ್ತಿ ವೇಗಕ್ಕೆ ಬಿಟ್ಟಳು. ಕಾರು ತೂಗಿತು, ತಾಯಿ ಮಗಳಿಬ್ಬರೂ ಒಂದೇ ಕಡೆ ವಾಲಿ, ಒಂದೇ ಕಡೆ ಮರಳಿದರು. ಗೆರೆ ದಾಟಿ ನಿಂತಾಗ ಬರ್ನಡೀನಳ ಹೆಲ್ಮೆಟ್ ಕಣ್ಣಿನವರೆಗೆ ಜಾರಿತ್ತು.

"ಕೊನೆ ತಿರುವಲ್ಲಿ ಯಾಕೆ ನಿಧಾನ ಮಾಡ್ದೆ?" ಎಂದಳು.

ಆ ಬೇಸಿಗೆಯ ಪ್ರತಿ ಸ್ಪರ್ಧೆಗೂ ಅವರಿಬ್ಬರೂ ಬಂದರು. ಈಗ ಬರ್ನಡೀನ್ ಗೇಟಿನ ಮೇಜಿನಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುತ್ತಾಳೆ. ತಡವಾಗಿ ಬಂದವರು ಅವಳ ಕಣ್ಣು ತಪ್ಪಿಸಿ ಒಳಗೆ ನುಸುಳಲು ನೋಡುತ್ತಾರೆ. ಇದುವರೆಗೆ ಯಾರಿಗೂ ಆಗಿಲ್ಲ.