ಮೂರನೇ ದಿನದ ನೀರು

ವರ್ದಾ ಬಾಗಿಲಿಗೆ ಅಗುಳಿ ಹಾಕಿ ಅದಕ್ಕೇ ಬೆನ್ನು ಕೊಟ್ಟು ಕುಳಿತಳು. ಹೊರಗೆ ಅಬೂನಾ ಬಿಸಂತಿ ಕೆಮ್ಮಿದ್ದು ಕೇಳಿಸಿತು. ಊರಿನ ಪಾದ್ರಿ, ಎಲ್ಲರ ಬಾಯಲ್ಲೂ 'ಅಬೂನಾ', ಅಂದರೆ ನಮ್ಮಪ್ಪ. ಅವಳ ಮಗ ವಿಸ್ಸಾನಿಗೆ ಜ್ಞಾನಸ್ನಾನ ಮಾಡಿಸಿದ್ದೂ ಅವರೇ, ಮೊನ್ನೆ ಅವನನ್ನು ಮಣ್ಣು ಮಾಡಿಸಿದ್ದೂ ಅವರೇ.

ಇವತ್ತು ಮೂರನೇ ದಿನ. ಸತ್ತವರ ಜೀವ ಅಲ್ಲಿಯವರೆಗೆ ಮನೆಯಲ್ಲೇ ಸುಳಿದಾಡುತ್ತದೆ, ಪಾದ್ರಿ ಬಂದು ಪ್ರಾರ್ಥಿಸಿ ನೀರು ಚಿಮುಕಿಸಿದ ಮೇಲೆಯೇ ದೇವರ ಕಡೆಗೆ ಹೊರಡುತ್ತದೆ ಎಂದು ಮಿನ್ಯಾ ಸೀಮೆಯ ಹೆಂಗಸರು ನಂಬಿದ್ದರು. ವರ್ದಾಳೂ ನಂಬಿದ್ದಳು. ನಂಬಿದ್ದರಿಂದಲೇ ಅಗುಳಿ ಹಾಕಿದ್ದಳು.

"ತೆಗಿಯೇ ಬಾಗಿಲು," ಎಂದಳು ಒಳಗಿದ್ದ ಗಂಡನ ಅಕ್ಕ ಮತಿಲ್ದಾ, ಕಾಫಿಯ ತಟ್ಟೆ ಹಿಡಿದುಕೊಂಡೇ. "ಹುಡುಗ ಎತ್ತ ಹೋಗ್ಬೇಕು ಅಂತ ತಿಳೀದೆ ಮೂಲೆ ಮೂಲೆ ಅಲೀತಿರ್ತಾನೆ."

"ಅಲೀಲಿ ಅತ್ತಿಗೆ. ಅವನ ಮನೆ ತಾನೆ."

"ಅಬೂನಾನ ಬಿಸಿಲಲ್ಲಿ ನಿಲ್ಸಿದ್ದೀಯಲ್ಲೇ, ಬುದ್ಧಿ ಇಲ್ವಾ ನಿಂಗೆ!"

"ಪರವಾಗಿಲ್ಲ ಮತಿಲ್ದಾ," ಹೊರಗಿನಿಂದ ಪಾದ್ರಿಯ ದನಿ ಬಂತು. "ಜಗಲಿ ಮೇಲೆ ನೆರಳಿದೆ. ಸಕ್ಕರೆ ಇಲ್ಲದ ನಿನ್ನ ಸಾವಿನ ಮನೆ ಕಾಫಿಗಿಂತ ಅದೇ ವಾಸಿ."

ವಿಸ್ಸಾ ಸುಣ್ಣಕಲ್ಲಿನ ಗಣಿಯಲ್ಲಿ ಕಲ್ಲು ಕೊಯ್ಯುವ ಯಂತ್ರ ನಡೆಸುತ್ತಿದ್ದ. ತಂದೆಯಿಲ್ಲದ ಮನೆಗೆ ಒಬ್ಬನೇ ಮಗ. ಸಂಜೆ ಬರುವಾಗ ಕಲ್ಲಿನ ಧೂಳಿಗೆ ಕಣ್ಣಿನ ರೆಪ್ಪೆಯೂ ಬೆಳ್ಳಗೆ. "ಅಮ್ಮಾ, ದೆವ್ವ ಬಂತು, ನೀರು ಹಾಕು" ಎಂದು ಅಂಗಳದಲ್ಲಿ ಬಗ್ಗಿ ನಿಲ್ಲುತ್ತಿದ್ದ. ಅವಳು ತಗಡಿನ ಬೋಗುಣಿಯಲ್ಲಿ ಬೆಚ್ಚನೆಯ ನೀರು ತಂದು ತಲೆಗೆ ಹೊಯ್ಯುತ್ತಿದ್ದಳು. ಮೊನ್ನೆ ಯಂತ್ರದ ಹರಿದ ತಂತಿಯಿಂದ ಕರೆಂಟು ಹೊಡೆಯಿತು. ಅವನನ್ನು ಬಟ್ಟೆ ಸುತ್ತಿ ತಂದರು. ತೊಳೆಯಲು ಅವಳನ್ನು ಹತ್ತಿರ ಬಿಡಲಿಲ್ಲ.

"ವಿಸ್ಸಾನ ಅಮ್ಮಾ," ಪಾದ್ರಿ ಬಾಗಿಲ ಹತ್ತಿರ ಬಂದು ಕರೆದರು.

"ದೇವರು ಲೋಕಾನ ಅಷ್ಟೊಂದು ಪ್ರೀತಿಸ್ದ ಅಂತ ಓದ್ತೀರಲ್ಲ ಅಬೂನಾ, ಪ್ರೀತಿಸೋನು ಇದ್ದೊಬ್ಬನ್ನೂ ಕಿತ್ಕೋತಾನಾ?"

"ಕಿತ್ಕೊಂಡಿದ್ದು ತಂತಿ ಕಣಮ್ಮ. ಅದನ್ನ ಸರಿ ಮಾಡಿಸದೆ ಬಿಟ್ಟೋರು. ದೇವರು ಕಿತ್ಕೊಳ್ಳಲಿಲ್ಲ. ತನ್ನ ಒಬ್ಬನೇ ಮಗನ್ನ ನಮಗೆ ಕೊಟ್ಟ."

"ಕೊಟ್ಟ. ಅವನ ಮಗ ಮೂರನೇ ದಿನ ಎದ್ದು ಬಂದ. ಇವತ್ತು ನನಗೂ ಮೂರನೇ ದಿನ. ನನ್ನ ಮಗ ಎಲ್ಲಿ?"

ಮತಿಲ್ದಾ ಗಾಬರಿಯಿಂದ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಹೊರಗೆ ಪಾದ್ರಿ ಬಾಗಿಲ ಬಳಿಯೇ ಕುಳಿತ ಸದ್ದಾಯಿತು.

"ನಿನ್ನ ಮಗನೂ ಒಂದಿನ ಎದ್ದೇ ಏಳ್ತಾನೆ ಅಂತ ನಂಬಿದ್ದೀನಿ," ಎಂದರು ಪಾದ್ರಿ. "ಆದ್ರೆ ಇವತ್ತು ಈ ಬಾಗಿಲಿಗೆ ಬರಲ್ಲ. ಸುಳ್ಳು ಹೇಳಲಾರೆ. ಶಿಲುಬೆಗೂ ಆ ಮೂರನೇ ದಿನಕ್ಕೂ ನಡುವೆ ಒಂದು ಶನಿವಾರ ಇತ್ತಲ್ಲಮ್ಮ. ಅವತ್ತು ದೇವರ ಮಗ ಗೋರೀಲಿದ್ದ. ಶಿಲುಬೆ ಮೇಲಿಂದ ಕೂಗಿದ್ದು ಅಪ್ಪನಿಗೆ ಕೇಳಿಸ್ಲಿಲ್ವಾ? ಕೇಳಿಸ್ತು. ನಮಗೋಸ್ಕರ ತಡ್ಕೊಂಡ. ನಿನ್ನ ಹೊಟ್ಟೆಯ ಬೆಂಕಿ ಅವನಿಗೆ ಹೊಸದಲ್ಲ."

ವರ್ದಾ ಬಾಗಿಲ ಕಡೆ ಮುಖ ಮಾಡಿ ಕುಳಿತಳು.

"ವಿಸ್ಸಾನ ತೊಳೆದಿದ್ದು ನಾನೇ," ಅವರ ದನಿ ತಗ್ಗಿತು. "ಧೂಳು ಕಿವಿಯೊಳಗೂ ಹೋಗಿತ್ತು. ಎಲ್ಲ ತೆಗ್ದೆ."

ಅವಳು ಕೇಳಿದಳು: "ನೀರು ಬೆಚ್ಚಗಿತ್ತಾ?"

"ಬೆಚ್ಚಗಿತ್ತಮ್ಮ."

ಆಗ ಅವಳಿಗೆ ಅಳು ಬಂತು. ಅತ್ತು ಮುಗಿಸಿ ಎದ್ದು ಅಗುಳಿ ತೆಗೆದಳು. ಮತಿಲ್ದಾ ಪ್ರಾರ್ಥನೆಗೆಂದು ಗಾಜಿನ ಬಟ್ಟಲಲ್ಲಿ ನೀರು ಇಟ್ಟಿದ್ದಳು. ವರ್ದಾ ಅದನ್ನು ಪಕ್ಕಕ್ಕೆ ಸರಿಸಿ ಒಲೆ ಹೊತ್ತಿಸಿದಳು. ಬೆಚ್ಚನೆಯ ನೀರಿನ ತಗಡಿನ ಬೋಗುಣಿ ಹಿಡಿದು ಬಂದು ಪಾದ್ರಿಯ ಮುಂದೆ ನಿಂತಳು. ಪ್ರಾರ್ಥನೆ ಮುಗಿಸಿ ಅವರು ನೀರಿಗೆ ಬೆರಳು ಅದ್ದಿದರು, ಒಮ್ಮೆ ಅವಳ ಮುಖ ನೋಡಿದರು.

ಮೂಲೆಗಳಿಗೆ, ಹಾಸಿಗೆಗೆ ನೀರು ಬಿತ್ತು. ಬಾಗಿಲ ಬಳಿಯಿದ್ದ ವಿಸ್ಸಾನ ಬೆಳ್ಳನೆಯ ಬೂಟುಗಳ ಮೇಲೂ ಹನಿಗಳು ಬಿದ್ದು ಕಪ್ಪು ಚುಕ್ಕೆಗಳಾದವು.

"ಹೋಗು ಮಗಾ," ಎಂದಳು ವರ್ದಾ ಅಂಗಳದ ಕಡೆ ತಿರುಗಿ. "ಅಲ್ಲಿರೋ ತಂದೆ ದೇವರಿಗೂ ಮಗನ ಸಾವು ನೋಡಿ ಗೊತ್ತು. ನಿನ್ನ ಚೆನ್ನಾಗಿ ನೋಡ್ಕೋತಾನೆ."

ಸಂಜೆ ಗಣಿಯ ಲಾರಿ ಬಂತು. ಬೇರೆಯವರ ಮಕ್ಕಳು ಬೆಳ್ಳಗೆ ಇಳಿದು ತಮ್ಮ ತಮ್ಮ ಮನೆಗೆ ಹೋದರು. ಬೂಟಿನ ಮೇಲಿನ ಚುಕ್ಕೆಗಳು ಅಷ್ಟರಲ್ಲಿ ಒಣಗಿದ್ದವು. ವರ್ದಾ ಬಾಗಿಲು ಹಾಕಲಿಲ್ಲ.